ಕನ್ನಡ ಕೃಷಿ ಜಾಲತಾಣಕ್ಕೆ ಪದಪಟ್ಟಿ ಮತ್ತು ವಿಷಯಸೂಚಿ ಕಟ್ಟುವ ಕ್ರಮ

ಕೃಷಿ ಮಾಹಿತಿ ಕೊಡುವ ಕನ್ನಡ ಜಾಲತಾಣದಲ್ಲಿ ‘ಕಡಲೆಕಾಯಿ’ಯ ಬಗ್ಗೆ ಎಷ್ಟೇ ಒಳ್ಳೆಯ ಲೇಖನವಿದ್ದರೂ ಗದಗ, ಕೊಪ್ಪಳದ ಓದುಗರಿಗೆ ಅದು ಸಿಗದೇ ಹೋಗಬಹುದು. ಅವರು ಹುಡುಕುವುದು ‘ಶೇಂಗಾ’ ಎಂದು. ಕರಾವಳಿಯ ಹಲವರು ‘ನೆಲಗಡಲೆ’ ಎಂದು ಹುಡುಕುತ್ತಾರೆ. ಮೂರೂ ಒಂದೇ ಬೆಳೆ ಎಂಬುದು ಬರೆದವರಿಗೂ ಓದುವವರಿಗೂ ಗೊತ್ತು. ನಡುವೆ ನಿಂತಿರುವ ಯಂತ್ರಕ್ಕೆ ಮಾತ್ರ ಗೊತ್ತಿಲ್ಲ. ಆ ತಿಳಿವನ್ನು ಬರಹದಲ್ಲಿ ದಾಖಲಿಸಿ, ತಾಣದ ಪ್ರತಿಯೊಂದು ಪುಟಕ್ಕೂ ಅನ್ವಯವಾಗುವಂತೆ ಮಾಡುವ ಸಾಧನಗಳು ಎರಡು. ಮೊದಲನೆಯದು ನಿಯಂತ್ರಿತ ಪದಪಟ್ಟಿ: ಒಂದು ವಿಷಯಕ್ಕೆ ಒಂದೇ ಒಪ್ಪಿತ ಹೆಸರನ್ನು ಗೊತ್ತುಮಾಡಿ, ಉಳಿದೆಲ್ಲ ಹೆಸರುಗಳನ್ನು ಅದರ ಕಡೆಗೆ ತಿರುಗಿಸುವ ಪಟ್ಟಿ. ಎರಡನೆಯದು ವಿಷಯಸೂಚಿ: ಆ ಪಟ್ಟಿಯ ಆಧಾರದ ಮೇಲೆ, ಪುಸ್ತಕದ ಕೊನೆಯಲ್ಲಿರುವ ಅಕಾರಾದಿಯ ಹಾಗೆ, ಓದುಗರನ್ನು ಲೇಖನದ ನಿರ್ದಿಷ್ಟ ಭಾಗಕ್ಕೇ ಕರೆದೊಯ್ಯುವ ಪುಟ.

ಕೆಲವು ನೂರು ಲೇಖನಗಳಿರುವ ಕೃಷಿ ಜಾಲತಾಣವೊಂದನ್ನು ಮುಂದಿಟ್ಟುಕೊಂಡು ಈ ಎರಡನ್ನೂ ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಸಾಹಿತ್ಯ, ಆರೋಗ್ಯ, ಕಾನೂನು ಅಥವಾ ಸ್ಥಳೀಯ ಇತಿಹಾಸದ ತಾಣ ನಡೆಸುವವರಿಗೂ ಹಂತಗಳು ಇವೇ; ಉದಾಹರಣೆಗಳು ಮಾತ್ರ ಬೇರೆಯಾಗುತ್ತವೆ.

ಹುಡುಕು ಸೌಲಭ್ಯವೊಂದೇ ಏಕೆ ಸಾಲದು

ಹುಡುಕು ಪೆಟ್ಟಿಗೆ ಇರುವಾಗ ಈ ಶ್ರಮ ಏಕೆ ಎಂದು ಕೇಳುವವರಿಗೆ ಕನ್ನಡದ ವ್ಯಾಕರಣವೇ ಉತ್ತರ ಕೊಡುತ್ತದೆ. ವಿಭಕ್ತಿ ಸೇರಿದಾಗ ನಮ್ಮ ನಾಮಪದದ ರೂಪ ಬದಲಾಗುತ್ತದೆ. ‘ಕಬ್ಬು’ ಎಂದು ಹುಡುಕಿದರೆ, ಅಕ್ಷರಗಳನ್ನಷ್ಟೇ ಹೋಲಿಸುವ ಸರಳ ವ್ಯವಸ್ಥೆಯು ‘ಕಬ್ಬಿನ ಗೊಣ್ಣೆಹುಳು’ ಎಂಬ ಶೀರ್ಷಿಕೆಯನ್ನು ತೋರಿಸುವುದಿಲ್ಲ, ಏಕೆಂದರೆ ‘ಕಬ್ಬಿನ’ ಎಂಬ ರೂಪದೊಳಗೆ ‘ಕಬ್ಬು’ ಎಂಬ ಅಕ್ಷರಸರಣಿಯೇ ಇಲ್ಲ. ಮಾವು, ತೆಂಗು, ಹಲಸು, ಗೇರು, ಉದ್ದು ಇವೆಲ್ಲವುಗಳ ಪಾಡೂ ಹೀಗೆಯೇ. ಸಮಾಸವಾದಾಗ ತೊಡಕು ಇನ್ನೂ ಹೆಚ್ಚು: ‘ಕಡಲೆ’ ಎಂದು ಹುಡುಕಿದವರಿಗೆ ‘ನೆಲಗಡಲೆ’ ಕಾಣುವುದಿಲ್ಲ, ಕಕಾರವು ಗಕಾರವಾಗಿದೆ. ದೊಡ್ಡ ಹುಡುಕು ಸಂಸ್ಥೆಗಳು ಇದನ್ನು ಸ್ವಲ್ಪಮಟ್ಟಿಗೆ ನಿಭಾಯಿಸುತ್ತವೆಯಾದರೂ ನಿಮ್ಮ ತಾಣದೊಳಗಿನ ಹುಡುಕು ಸೌಲಭ್ಯದಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ. ಆದ್ದರಿಂದ ಮನುಷ್ಯರು ಕೂತು ಕಟ್ಟಿದ ಸೂಚಿಗೆ ಕನ್ನಡದಲ್ಲಿ ಬೆಲೆ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೇಖಕರು ತಮಗೆ ತೋಚಿದ ಪದಗಳನ್ನು ಲೇಖನದ ಕೆಳಗೆ ಹಚ್ಚುವ ಟ್ಯಾಗ್ ಪದ್ಧತಿಯೂ ಇದಕ್ಕೆ ಪರಿಹಾರವಾಗುವುದಿಲ್ಲ. ಒಬ್ಬರು ‘ಕೊಳೆರೋಗ’ ಎಂದೂ ಇನ್ನೊಬ್ಬರು ‘ಕೊಳೆ ರೋಗ’ ಎಂದೂ ಮತ್ತೊಬ್ಬರು ‘ಮಹಾಳಿ’ ಎಂದೂ ಟ್ಯಾಗ್ ಕೊಟ್ಟಾಗ ಅಡಿಕೆಯ ಒಂದೇ ರೋಗದ ಲೇಖನಗಳು ಮೂರು ಪುಟಗಳಲ್ಲಿ ಚದುರಿಹೋಗುತ್ತವೆ, ಮತ್ತು ಯಾವ ಪುಟಕ್ಕೆ ಹೋದವರಿಗೂ ಉಳಿದ ಎರಡು ಇವೆ ಎಂಬ ಸುಳಿವೇ ಸಿಗುವುದಿಲ್ಲ.

ಮೊದಲ ಹಂತ: ಪದಗಳನ್ನು ಕೂಡಿಸುವುದು

ಪಟ್ಟಿಯನ್ನು ತಲೆಯಿಂದ ಬರೆಯಲು ಕೂರಬೇಡಿ. ಪದಗಳನ್ನು ಮೂರು ಕಡೆಯಿಂದ ತೆಗೆಯಬೇಕು. ಒಂದು, ಈಗಾಗಲೇ ಪ್ರಕಟವಾದ ಲೇಖನಗಳ ಶೀರ್ಷಿಕೆ, ಉಪಶೀರ್ಷಿಕೆ ಮತ್ತು ಟ್ಯಾಗ್‌ಗಳು. ಎರಡು, ತಾಣದೊಳಗಿನ ಹುಡುಕಾಟದ ದಾಖಲೆ. ಅದರಲ್ಲೂ ಫಲಿತಾಂಶವೇ ಬಾರದ ಹುಡುಕಾಟಗಳ ಪಟ್ಟಿ ಬಹಳ ಅಮೂಲ್ಯವಾದದ್ದು, ಏಕೆಂದರೆ ಓದುಗರ ಬಾಯಲ್ಲಿದ್ದು ನಿಮ್ಮ ಬರಹದಲ್ಲಿಲ್ಲದ ಪದಗಳು ಅಲ್ಲಿಯೇ ಸಿಗುತ್ತವೆ. ಮೂರು, ಓದುಗರು ಕಳಿಸುವ ಪ್ರಶ್ನೆಗಳು: ಮಿಂಚಂಚೆ, ವಾಟ್ಸ್‌ಆ್ಯಪ್, ದೂರವಾಣಿ ಯಾವುದರಲ್ಲಿ ಬಂದರೂ ಅವರು ಬಳಸಿದ ಪದವನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಿ.

ಇದಕ್ಕೆ ವಿಶೇಷ ತಂತ್ರಾಂಶ ಬೇಕಿಲ್ಲ. ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ಪದ, ಅದು ಸಿಕ್ಕಿದ ಜಾಗ, ಎಷ್ಟು ಬಾರಿ ಸಿಕ್ಕಿತು, ಯಾವ ಪ್ರದೇಶದ ಬಳಕೆ ಎಂಬ ನಾಲ್ಕು ಕಲಂಗಳಿಂದ ಶುರುಮಾಡಿ. ಒಂದೇ ವಸ್ತುವನ್ನು ಸೂಚಿಸುವ ಪದಗಳನ್ನು ಒಂದರ ಕೆಳಗೊಂದು ಗುಂಪಾಗಿಸುತ್ತ ಹೋದಂತೆ ನಿಮ್ಮ ತಾಣ ನಿಜವಾಗಿ ಯಾವ ವಿಷಯಗಳ ಬಗ್ಗೆ ಬರೆಯುತ್ತಿದೆ ಎಂಬ ಚಿತ್ರ ಮೂಡುತ್ತದೆ.

ಎರಡನೇ ಹಂತ: ಮುಖಗಳನ್ನು ಬೇರ್ಪಡಿಸುವುದು

ಹೆಚ್ಚಿನ ತಾಣಗಳು ವಿಷಯಗಳನ್ನು ಒಂದೇ ಮರದ ಕೊಂಬೆಗಳಂತೆ ಜೋಡಿಸುತ್ತವೆ: ತೋಟಗಾರಿಕೆ, ಅದರೊಳಗೆ ಅಡಿಕೆ, ಅದರೊಳಗೆ ರೋಗಗಳು, ಅದರೊಳಗೆ ಕೊಳೆರೋಗ. ಬೋರ್ಡೋ ದ್ರಾವಣ ತಯಾರಿಸುವ ವಿಧಾನದ ಲೇಖನ ಬಂದಾಗ ಈ ಕ್ರಮ ಮುರಿಯುತ್ತದೆ. ಅದು ಅಡಿಕೆಗೂ ಬೇಕು, ಕಾಳುಮೆಣಸಿಗೂ ಬೇಕು, ದ್ರಾಕ್ಷಿಗೂ ಬೇಕು; ಯಾವ ಕೊಂಬೆಗೆ ಕಟ್ಟಿದರೂ ಉಳಿದ ಎರಡು ಕಡೆಯಿಂದ ಬಂದವರಿಗೆ ಅದು ಕಾಣುವುದಿಲ್ಲ.

ಇದಕ್ಕೆ ದಾರಿ ತೋರಿಸಿದವರು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣವು, ವಿಷಯವನ್ನು ಮೊದಲೇ ಸಿದ್ಧವಾದ ಖಾನೆಯೊಂದಕ್ಕೆ ತುರುಕುವ ಬದಲು ಅದನ್ನು ಮುಖಗಳಾಗಿ, ಎಂದರೆ ಆ ವಿಷಯವನ್ನು ನೋಡಬಹುದಾದ ಬೇರೆ ಬೇರೆ ಕೋನಗಳಾಗಿ ಬಿಡಿಸಿ, ಬೇಕಾದಾಗ ಜೋಡಿಸಿಕೊಳ್ಳುವ ಪದ್ಧತಿಯನ್ನು ತಂದಿತು. ಮುಂದೆ ಅವರು ಈ ಮುಖಗಳನ್ನು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ವರ್ಗಗಳಲ್ಲಿ ಅಡಕಗೊಳಿಸಿದರು. ಬದುಕಿನ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ; ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ 1962ರಲ್ಲಿ ಅವರು ಆರಂಭಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ಅಲ್ಲಿದೆ. ಅಂತರ್ಜಾಲದ ಅಂಗಡಿಗಳಲ್ಲಿ ಬೆಲೆ, ಬಣ್ಣ, ಅಳತೆಗಳನ್ನು ಬೇರೆ ಬೇರೆಯಾಗಿ ಆರಿಸಿಕೊಳ್ಳುವ ಸೌಲಭ್ಯದ ಹಿಂದಿರುವುದೂ ಇದೇ ತತ್ತ್ವ. ನಮ್ಮ ಊರಿನಲ್ಲಿ ಬೆಳೆದ ಈ ಚಿಂತನೆಯನ್ನು ನಮ್ಮ ತಾಣಗಳು ಬಳಸಿಕೊಳ್ಳಬೇಕೆಂಬುದು ನನ್ನ ಆಸೆ.

ಕೃಷಿ ತಾಣಕ್ಕೆ ಇದನ್ನು ಹೊಂದಿಸಿದರೆ ಬೆಳೆ, ತೊಂದರೆ, ಕೆಲಸ, ಸ್ಥಳ, ಹಂಗಾಮು ಎಂಬ ಐದು ಮುಖಗಳು ಸಿಗುತ್ತವೆ. ‘ತೊಂದರೆ’ಯಲ್ಲಿ ರೋಗ, ಕೀಟ, ಕಳೆ, ಪೋಷಕಾಂಶದ ಕೊರತೆ, ‘ಕೆಲಸ’ದಲ್ಲಿ ಬಿತ್ತನೆ, ನೀರಾವರಿ, ಸಿಂಪಡಣೆ, ಕೊಯ್ಲು, ಸಂಗ್ರಹಣೆ, ‘ಹಂಗಾಮಿ’ನಲ್ಲಿ ಮುಂಗಾರು, ಹಿಂಗಾರು, ಬೇಸಿಗೆ. ಬೋರ್ಡೋ ದ್ರಾವಣದ ಲೇಖನಕ್ಕೆ ಬೆಳೆಯ ಮುಖದಲ್ಲಿ ಮೂರು ಪದ, ತೊಂದರೆಯ ಮುಖದಲ್ಲಿ ಕೊಳೆರೋಗ ಮುಂತಾದವು, ಕೆಲಸದ ಮುಖದಲ್ಲಿ ಸಿಂಪಡಣೆ ಬರುತ್ತವೆ. ಒಂದೇ ಲೇಖನಕ್ಕೆ ಹಲವು ಬಾಗಿಲುಗಳು ತೆರೆಯುತ್ತವೆ. ಐದೂ ಮುಖಗಳನ್ನು ಒಮ್ಮೆಗೇ ಕಟ್ಟುವುದು ಭಾರವೆನಿಸಿದರೆ ಬೆಳೆ ಮತ್ತು ತೊಂದರೆ ಎರಡರಿಂದ ಆರಂಭಿಸಿ. ಕೃಷಿ ತಾಣಕ್ಕೆ ಬರುವವರಲ್ಲಿ ಬಹುಪಾಲು ಜನ ಹೊಲದಲ್ಲಿ ಏನೋ ಕೆಟ್ಟಿದೆ ಎಂದೇ ಬರುತ್ತಾರೆ.

ಮೂರನೇ ಹಂತ: ಒಪ್ಪಿತ ಪದವನ್ನು ಆರಿಸುವುದು

ಇಡೀ ಕೆಲಸದ ತಿರುಳು ಇಲ್ಲಿದೆ, ಹೆಚ್ಚು ಸಮಯ ಕೊಡಬೇಕಾದದ್ದೂ ಇದಕ್ಕೇ. ಪ್ರತಿಯೊಂದು ಗುಂಪಿನಿಂದ ಒಂದು ಪದವನ್ನು ಒಪ್ಪಿತ ಪದವೆಂದು ಆರಿಸಬೇಕು. ಉಳಿದವು ಪರ್ಯಾಯ ಪದಗಳಾಗಿ ಅದಕ್ಕೆ ಅಂಟಿಕೊಳ್ಳಬೇಕು. ಈರುಳ್ಳಿ, ಉಳ್ಳಾಗಡ್ಡಿ, ನೀರುಳ್ಳಿ ಇವುಗಳಲ್ಲಿ ಯಾವುದನ್ನು ಆರಿಸುವುದು? ಪಠ್ಯಪುಸ್ತಕದಲ್ಲಿ ಇರುವುದೇ ಸರಿ ಎಂಬ ಅಭ್ಯಾಸಬಲಕ್ಕೆ ಒಳಗಾಗದೆ, ನಿಮ್ಮ ಓದುಗರಲ್ಲಿ ಹೆಚ್ಚು ಜನ ಬಳಸುವ ಪದವನ್ನು ನಿಮ್ಮ ದಾಖಲೆಯ ಎಣಿಕೆಯಿಂದಲೇ ತೀರ್ಮಾನಿಸಿ. ತಾಣದ ಓದುಗರು ಹೆಚ್ಚಾಗಿ ಬಾಗಲಕೋಟೆ, ಗದಗದ ಕಡೆಯವರಾದರೆ ‘ಉಳ್ಳಾಗಡ್ಡಿ’ಯೇ ಒಪ್ಪಿತ ಪದವಾಗಲಿ. ಒಪ್ಪಿತ ಪದವೆಂದರೆ ಶ್ರೇಷ್ಠ ಪದವೆಂದಲ್ಲ. ಲೇಖನಗಳೆಲ್ಲ ಸೇರುವ ಜಾಗಕ್ಕೆ ಒಂದು ಹೆಸರು ಬೇಕು, ಅಷ್ಟೆ. ಲೇಖಕರು ಲೇಖನದೊಳಗೆ ತಮ್ಮ ಊರಿನ ಪದವನ್ನೇ ಬಳಸಲಿ. ಪದಪಟ್ಟಿಯ ನೆವದಲ್ಲಿ ಬರಹದ ನುಡಿಯನ್ನು ಸಪಾಟುಗೊಳಿಸುವ ಸಂಪಾದಕರನ್ನು ಕಂಡರೆ ನನಗೆ ಬೇಸರವಾಗುತ್ತದೆ. ವೈವಿಧ್ಯವನ್ನು ಉಳಿಸಿಕೊಂಡೇ ದಾರಿ ತೋರಿಸಲಿಕ್ಕಾಗಿ ಅಲ್ಲವೇ ಈ ಪಟ್ಟಿ ಇರುವುದು?

ಒಂದು ವಸ್ತುವಿಗೆ ಹಲವು ಹೆಸರು ಎಂಬುದು ಸುಲಭದ ತೊಡಕು. ಒಂದೇ ಹೆಸರು ಹಲವು ವಸ್ತುಗಳಿಗೆ ಇರುವುದು ಅಪಾಯಕಾರಿ. ಉತ್ತರ ಕರ್ನಾಟಕದಲ್ಲಿ ‘ಜೋಳ’ ಎಂದರೆ ರೊಟ್ಟಿಯ ಬಿಳಿಜೋಳ. ಮೈಸೂರು, ಹಾಸನದ ಕಡೆ ಬರಿದೇ ‘ಜೋಳ’ ಎಂದವರು ಎಷ್ಟೋ ಸಲ ಮುಸುಕಿನ ಜೋಳವನ್ನು ಉದ್ದೇಶಿಸಿರುತ್ತಾರೆ. ಅದೇ ಮುಸುಕಿನ ಜೋಳ ಇನ್ನೊಂದು ಕಡೆ ಗೋವಿನಜೋಳ, ಮತ್ತೊಂದು ಕಡೆ ಮೆಕ್ಕೆಜೋಳ. ಒಂದು ಬೆಳೆಗೆ ಹೇಳಿದ ಬೀಜದ ಪ್ರಮಾಣವನ್ನೋ ಕಳೆನಾಶಕವನ್ನೋ ಇನ್ನೊಂದಕ್ಕೆ ಬಳಸಿದರೆ ನಷ್ಟವಾಗುವುದು ರೈತನಿಗೆ. ಆದ್ದರಿಂದ ಎರಡು ಬೇರೆ ನಮೂದುಗಳಿರಲಿ: ‘ಜೋಳ’, ಅದರ ಜೊತೆಗೆ ವೈಜ್ಞಾನಿಕ ಹೆಸರು ಸೋರ್ಗಮ್ ಬೈಕಲರ್, ‘ಮೆಕ್ಕೆಜೋಳ’, ಅದರ ಜೊತೆಗೆ ಜಿಯಾ ಮೇಸ್. ‘ಜೋಳ’ದ ಪುಟದ ತಲೆಯಲ್ಲೇ ‘ಮುಸುಕಿನ ಜೋಳಕ್ಕಾಗಿ ಮೆಕ್ಕೆಜೋಳ ನೋಡಿ’ ಎಂಬ ಸಾಲು ಇರಲಿ. ಕರಾವಳಿಯಲ್ಲಿ ‘ಮೆಣಸು’ ಎಂದರೆ ಒಣಮೆಣಸಿನಕಾಯಿ, ಕಾಳುಮೆಣಸನ್ನು ಅಲ್ಲಿ ‘ಒಳ್ಳೆಮೆಣಸು’ ಎನ್ನುತ್ತಾರೆ. ಇಂಥಲ್ಲಿ ಬರಿಯ ‘ಮೆಣಸು’ ಎಂಬುದನ್ನು ಒಪ್ಪಿತ ಪದವಾಗಿ ಇಡಲೇಬಾರದು; ‘ಕಾಳುಮೆಣಸು’, ‘ಮೆಣಸಿನಕಾಯಿ’ ಎರಡನ್ನೂ ತೋರಿಸಿ ಓದುಗರೇ ಆರಿಸಿಕೊಳ್ಳುವಂತೆ ಮಾಡಬೇಕು.

ಬೆಳೆ ಮತ್ತು ಕೀಟಗಳಿಗೆ ವೈಜ್ಞಾನಿಕ ಹೆಸರು ಇರುವುದು ದೊಡ್ಡ ಅನುಕೂಲ. ಅದನ್ನು ಪ್ರದರ್ಶಿಸುವ ಹೆಸರಾಗಿ ಬಳಸಬೇಕಿಲ್ಲ. ಎರಡು ಪದಗಳು ಒಂದೇ ವಸ್ತುವೋ ಅಲ್ಲವೋ ಎಂಬ ಅನುಮಾನ ಬಂದಾಗ ತೀರ್ಪು ಕೊಡುವುದು ಅದು. 2018ರಲ್ಲಿ ಶಿವಮೊಗ್ಗದ ಕಡೆಯ ಮೆಕ್ಕೆಜೋಳದ ಹೊಲಗಳಲ್ಲಿ, ಭಾರತದಲ್ಲೇ ಮೊದಲ ಬಾರಿಗೆ, ಅಮೆರಿಕ ಖಂಡದ ಮೂಲದ ಒಂದು ಸೈನಿಕ ಹುಳು ಪತ್ತೆಯಾಯಿತು. ಅದರ ವೈಜ್ಞಾನಿಕ ಹೆಸರು ಸ್ಪೊಡಾಪ್ಟೆರಾ ಫ್ರುಗಿಪರ್ಡಾ. ಅದಕ್ಕೂ ಮೊದಲು ‘ಸೈನಿಕ ಹುಳು’ ಎಂದು ಬರೆದ ಲೇಖನಗಳು ಹೇಳುತ್ತಿದ್ದದ್ದು ಇಲ್ಲಿ ಹಿಂದಿನಿಂದಲೂ ಇದ್ದ ಮಿಥಿಮ್ನಾ ಸೆಪರೇಟಾ ಎಂಬ ಬೇರೆ ಕೀಟವನ್ನು. ಎರಡೂ ಒಂದೇ ಪದದ ಕೆಳಗೆ ಬಂದರೆ ಹಳೆಯ ಲೇಖನದ ಸಲಹೆಯನ್ನು ಹೊಸ ಕೀಟಕ್ಕೆ ಅನ್ವಯಿಸುವ ಸಾಧ್ಯತೆ ಇದೆ. ಹೀಗಾಗಿ ಪ್ರತಿಯೊಂದು ಒಪ್ಪಿತ ಪದಕ್ಕೂ ಒಂದೆರಡು ಸಾಲಿನ ವ್ಯಾಪ್ತಿ ಟಿಪ್ಪಣಿ ಬರೆಯಿರಿ: ಈ ಪದ ಏನನ್ನು ಒಳಗೊಳ್ಳುತ್ತದೆ, ಏನನ್ನು ಒಳಗೊಳ್ಳುವುದಿಲ್ಲ, ಯಾವಾಗಿನಿಂದ ಈ ಅರ್ಥದಲ್ಲಿ ಬಳಕೆಯಲ್ಲಿದೆ. ಮುಂದೆ ಈ ಕೆಲಸವನ್ನು ಕೈಗೆತ್ತಿಕೊಳ್ಳುವ ಸಂಪಾದಕರಿಗೆ ಆ ಟಿಪ್ಪಣಿಯೇ ಆಧಾರ.

ಸ್ಥಳನಾಮಗಳಿಗೆ ಕಾಲದ ಆಯಾಮವೂ ಇದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಬೆಂಗಳೂರು, ಮೈಸೂರು, ತುಮಕೂರುಗಳ ವಿಷಯದಲ್ಲಿ ಕನ್ನಡ ಬರಹಕ್ಕೆ ಇದರಿಂದ ಏನೂ ವ್ಯತ್ಯಾಸವಾಗಲಿಲ್ಲ, ನಾವು ಮೊದಲಿನಿಂದಲೂ ಹಾಗೆಯೇ ಬರೆಯುತ್ತಿದ್ದೆವು. ಆದರೆ ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೆಯ ಲೇಖನಗಳಲ್ಲಿ ಹಳೆಯ ಹೆಸರೇ ಇರಲಿ. ಪದಪಟ್ಟಿಯಲ್ಲಿ ಅದು ಪರ್ಯಾಯ ಪದವಾಗಿ ಸೇರಲಿ. ವಿಜಯಪುರ ಎಂಬ ಇನ್ನೊಂದು ಊರು ದೇವನಹಳ್ಳಿ ತಾಲ್ಲೂಕಿನಲ್ಲೂ ಇರುವುದರಿಂದ ‘ವಿಜಯಪುರ (ಜಿಲ್ಲೆ)’, ‘ವಿಜಯಪುರ (ದೇವನಹಳ್ಳಿ ತಾಲ್ಲೂಕು)’ ಎಂದು ಆವರಣದೊಳಗೆ ಗುರುತು ಕೊಡಬೇಕಾಗುತ್ತದೆ. ಹೊಸಪೇಟೆ 2021ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಈಗ ವಿಜಯನಗರ ಜಿಲ್ಲೆಯ ಕೇಂದ್ರ. ಲೇಖನಕ್ಕೆ ಊರಿನ ಪದವನ್ನು ಮಾತ್ರ ಕೊಟ್ಟು, ಊರು ಯಾವ ಜಿಲ್ಲೆಗೆ ಸೇರಿದೆ ಎಂಬುದನ್ನು ಪದಪಟ್ಟಿಯಲ್ಲಿ ದಾಖಲಿಸಿದ್ದರೆ ಇಂಥ ಬದಲಾವಣೆಯನ್ನು ಒಂದೇ ಕಡೆ ತಿದ್ದಿ ಮುಗಿಸಬಹುದು.

ನಾಲ್ಕನೇ ಹಂತ: ಪದಗಳ ನಡುವಿನ ಸಂಬಂಧ

ಮೂರು ಬಗೆಯ ಸಂಬಂಧಗಳು ಸಾಕು. ಪರ್ಯಾಯ ಪದದಿಂದ ಒಪ್ಪಿತ ಪದಕ್ಕೆ ‘ನೋಡಿ’; ಒಪ್ಪಿತ ಪದಗಳ ನಡುವೆ ವಿಶಾಲ ಮತ್ತು ಕಿರಿದು ಎಂಬ ಶ್ರೇಣಿ, ಉದಾಹರಣೆಗೆ ‘ಸಿರಿಧಾನ್ಯ’ದ ಕೆಳಗೆ ನವಣೆ, ಸಾಮೆ, ಹಾರಕ, ಊದಲು, ಕೊರಲೆ; ಶ್ರೇಣಿಯಿಲ್ಲದಿದ್ದರೂ ಹತ್ತಿರದ ವಿಷಯಗಳ ನಡುವೆ ‘ಇದನ್ನೂ ನೋಡಿ’, ಉದಾಹರಣೆಗೆ ‘ಹನಿ ನೀರಾವರಿ’ ಮತ್ತು ‘ರಸಾವರಿ’ (ನೀರಿನ ಜೊತೆಗೇ ಗೊಬ್ಬರ ಕೊಡುವ ಪದ್ಧತಿ). ಕೊನೆಯ ಬಗೆಯಲ್ಲಿ ಜಿಪುಣತನವಿರಲಿ. ಎಲ್ಲಕ್ಕೂ ಎಲ್ಲವನ್ನೂ ಕಟ್ಟಿದರೆ ಕಟ್ಟಿದ್ದರ ಅರ್ಥವೇ ಹೋಗುತ್ತದೆ.

ಈ ಸಂಬಂಧಗಳನ್ನು ಯಂತ್ರಕ್ಕೆ ಅರ್ಥವಾಗುವಂತೆ ಬರೆಯಲು ವರ್ಲ್ಡ್ ವೈಡ್ ವೆಬ್ ಒಕ್ಕೂಟವು 2009ರಲ್ಲಿ ‘ಎಸ್‌ಕೆಒಎಸ್’ ಎಂಬ ಮಾದರಿಯನ್ನು ಅಂಗೀಕರಿಸಿದೆ. ಅದರಲ್ಲಿ ಒಪ್ಪಿತ ಹೆಸರು, ಪರ್ಯಾಯ ಹೆಸರುಗಳ ಜೊತೆಗೆ ಮರೆಯ ಹೆಸರು ಎಂಬ ಮೂರನೆಯ ಬಗೆಯೂ ಇದೆ: ಓದುಗರಿಗೆ ಪುಟದಲ್ಲಿ ತೋರಿಸದೆ, ಹುಡುಕಾಟಕ್ಕೆ ಮಾತ್ರ ಬಳಸುವ ತಪ್ಪು ಕಾಗುಣಿತಗಳಿಗೆ ಇದು ಹೇಳಿ ಮಾಡಿಸಿದ ಜಾಗ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1980ರ ದಶಕದಿಂದ ಬೆಳೆಸಿಕೊಂಡು ಬಂದಿರುವ ‘ಆಗ್ರೊವಾಕ್’ ಎಂಬ ಬಹುಭಾಷಾ ಪದಕೋಶ ಇದೇ ಮಾದರಿಯಲ್ಲಿದ್ದು ಮುಕ್ತವಾಗಿ ದೊರೆಯುತ್ತದೆ. ಬೆಳೆ, ಕೀಟಗಳ ಶ್ರೇಣಿಯನ್ನು ನೀವೇ ಮೊದಲಿನಿಂದ ಕಟ್ಟುವ ಬದಲು ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಸ್ಥಳಗಳಿಗೆ, ವಿಕಿಪೀಡಿಯದ ಸೋದರ ಯೋಜನೆಯಾದ ಮುಕ್ತ ಮಾಹಿತಿಕೋಶ ವಿಕಿಡೇಟಾದ ಗುರುತುಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಅಲ್ಲಿ ಕರ್ನಾಟಕದ ಸಂಖ್ಯೆ ಕ್ಯೂ 1185, ಬೆಂಗಳೂರಿನದು ಕ್ಯೂ 1355. ಹೆಸರು ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ.

ಐದನೇ ಹಂತ: ಅಕ್ಷರಶುದ್ಧಿ

ಕನ್ನಡ ತಾಣಗಳಲ್ಲಿ ಹೆಚ್ಚು ಕಡೆಗಣನೆಗೆ ಒಳಗಾಗಿರುವ ಹಂತವಿದು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಕಂಪ್ಯೂಟರಿಗೆ ಬೇರೆ ಬೇರೆಯಾಗಿರಬಹುದು. ‘ಅಂತರಬೆಳೆ’ ಮತ್ತು ‘ಅ೦ತರಬೆಳೆ’ ಇವೆರಡನ್ನು ನೋಡಿ: ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ಹಳೆಯ ಲಿಪಿ ತಂತ್ರಾಂಶಗಳಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಬರಹಗಳಲ್ಲಿ ಈ ದೋಷ ಸಾಕಷ್ಟು ಸಿಗುತ್ತದೆ. ಅಕ್ಷರಗಳ ನಡುವೆ ಅಂಕಿ ಸೊನ್ನೆ ಕಂಡಲ್ಲೆಲ್ಲ ಅನುಸ್ವಾರ ಹಾಕುವ ನಿಯಮವನ್ನು ಮೊದಲು ಅಳವಡಿಸಿ.

ಎರಡನೆಯದು ಅದೃಶ್ಯ ಸಂಕೇತಗಳು. ‘ಪವರ್‌ಟಿಲ್ಲರ್’ ಎಂದು ರಕಾರವನ್ನು ಅರ್ಕಾವತ್ತಾಗದಂತೆ ತಡೆಯಲು ನಾವು ಬಳಸುವ ಶೂನ್ಯ ಅಗಲದ ಸಂಕೇತ ಬರಹಕ್ಕೆ ಅಗತ್ಯ. ಆದರೆ ಕೆಲವು ಕೀಲಿಮಣೆಗಳು ಅದನ್ನು ಪದದ ಕೊನೆಯಲ್ಲೂ ಉಳಿಸಿಬಿಡುತ್ತವೆ, ಆಗ ಒಂದೇ ಪದಕ್ಕೆ ಎರಡು ಟ್ಯಾಗ್‌ಗಳು ಹುಟ್ಟುತ್ತವೆ. ತೋರಿಸುವ ಪದದಲ್ಲಿ ಸಂಕೇತ ಹಾಗೇ ಇರಲಿ. ಹೋಲಿಕೆಗಾಗಿ ಇಟ್ಟುಕೊಳ್ಳುವ ಪ್ರತಿಯಲ್ಲಿ ಅದನ್ನು ಪೂರ್ತಿ ತೆಗೆದುಹಾಕಿ. ಮೂರನೆಯದು ದೀರ್ಘ ಸ್ವರದ ಚಿಹ್ನೆಗಳು: ‘ಕೋ’ ಎಂಬಲ್ಲಿನ ಓತ್ವ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ಸಂಕೇತಗಳ ಜೋಡಣೆಯಾಗಿಯೂ ಇರಬಹುದು. ಯೂನಿಕೋಡ್‌ನ ‘ಎನ್‌ಎಫ್‌ಸಿ’ ಎಂಬ ಏಕರೂಪಗೊಳಿಸುವ ವಿಧಾನವನ್ನು ಎಲ್ಲ ಪದಗಳಿಗೂ ಅನ್ವಯಿಸಿದರೆ ಇದು ತೀರುತ್ತದೆ. ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಇದಕ್ಕೆ ಸಿದ್ಧ ಸೌಲಭ್ಯವಿದೆ.

ಇವು ಮುಗಿದ ಮೇಲೆ ಕಾಗುಣಿತದ ನಿಜವಾದ ಭೇದಗಳಿಗೆ ಬನ್ನಿ: ಭತ್ತ, ಬತ್ತ, ತಾಲ್ಲೂಕು, ತಾಲೂಕು, ಟೊಮೆಟೊ, ಟೊಮ್ಯಾಟೊ, ಟಮಾಟೆ. ಜೋಡಿಸಿ ಬರೆಯುವುದೋ ಬಿಡಿಸಿ ಬರೆಯುವುದೋ ಎಂಬುದನ್ನೂ ಒಮ್ಮೆ ನಿರ್ಧರಿಸಿ. ಬೆಳೆ, ರೋಗಗಳ ಹೆಸರುಗಳನ್ನು ಪ್ರಥಮಾ ವಿಭಕ್ತಿಯ ಏಕವಚನದಲ್ಲೇ ಇಡಿ. ಯಾವ ನಿರ್ಧಾರ ಮಾಡಿದಿರಿ ಎನ್ನುವುದಕ್ಕಿಂತ ಅದನ್ನು ಬರೆದಿಟ್ಟಿದ್ದೀರಾ ಎಂಬುದು ಇಲ್ಲಿ ಮುಖ್ಯ.

ಆರನೇ ಹಂತ: ತಂತ್ರಾಂಶದಲ್ಲಿ ಅಳವಡಿಕೆ

ವರ್ಡ್‌ಪ್ರೆಸ್‌ನಲ್ಲಿ ಶ್ರೇಣಿಯುಳ್ಳ ವರ್ಗ ಮತ್ತು ಶ್ರೇಣಿಯಿಲ್ಲದ ಟ್ಯಾಗ್ ಎರಡೂ ಮೊದಲೇ ಇರುತ್ತವೆ. ಪ್ರತಿಯೊಂದು ಮುಖಕ್ಕೂ ಪ್ರತ್ಯೇಕ ಪದವರ್ಗವನ್ನು ಸೇರಿಸಿಕೊಳ್ಳಲು ಸಾಧ್ಯವಿದೆ. ದ್ರುಪಲ್‌ನಲ್ಲಿ ಹಲವು ಪದಪಟ್ಟಿಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆ ಮೂಲದಲ್ಲೇ ಇದೆ. ಯಾವುದನ್ನು ಬಳಸಿದರೂ ಎರಡು ವಿಷಯ ಖಚಿತಪಡಿಸಿಕೊಳ್ಳಿ. ಲೇಖಕರು ಹೊಸ ಪದವನ್ನು ನೇರವಾಗಿ ಸೃಷ್ಟಿಸುವಂತಿರಬಾರದು; ಅವರು ‘ಶೇಂಗಾ’ ಎಂದು ಬರೆಯತೊಡಗಿದಾಗ ‘ಕಡಲೆಕಾಯಿ’ ಎಂಬ ಒಪ್ಪಿತ ಪದ ತಾನಾಗಿ ಸೂಚಿಸಲ್ಪಡಬೇಕು, ಹೊಸ ಪದ ಬೇಕೆನಿಸಿದರೆ ಸಂಪಾದಕರಿಗೆ ಕೋರಿಕೆ ಹೋಗಬೇಕು. ಹಾಗೆಯೇ ಪರ್ಯಾಯ ಪದದ ವಿಳಾಸಕ್ಕೆ ಬಂದ ಓದುಗರನ್ನು ಒಪ್ಪಿತ ಪದದ ಪುಟಕ್ಕೆ ತಿರುಗಿಸಬೇಕು.

ಪುಟದ ವಿಳಾಸದ ಬಗ್ಗೆ ಒಂದು ಮಾತು. ಕನ್ನಡದ ಪ್ರತಿಯೊಂದು ಸಂಕೇತವೂ ವಿಳಾಸದಲ್ಲಿ ಶೇಕಡಾ ಚಿಹ್ನೆಗಳ ರೂಪಕ್ಕೆ ತಿರುಗಿದಾಗ ಒಂಬತ್ತು ಅಕ್ಷರಗಳಷ್ಟಾಗುತ್ತದೆ. ಒಂಬತ್ತು ಸಂಕೇತಗಳ ‘ಮೆಕ್ಕೆಜೋಳ’ ಎಂಬ ಚಿಕ್ಕ ಪದವೇ 81 ಅಕ್ಷರಗಳ ಸರಪಳಿಯಾಗುತ್ತದೆ. ವರ್ಡ್‌ಪ್ರೆಸ್ ಈ ಭಾಗಕ್ಕೆ 200 ಅಕ್ಷರಗಳ ಮಿತಿ ಇಟ್ಟಿರುವುದರಿಂದ ಉದ್ದದ ಪದಗಳು ನಡುವೆಯೇ ಕತ್ತರಿಸಿಹೋಗುತ್ತವೆ. ಪ್ರತಿಯೊಂದು ಪದಕ್ಕೂ ಒಂದು ಕಾಯಂ ಸಂಖ್ಯೆ ಕೊಟ್ಟು ವಿಳಾಸದಲ್ಲಿ ಅದನ್ನೇ ಬಳಸುವುದು ನನಗೆ ಮೆಚ್ಚಾದ ಕ್ರಮ: ಮುಂದೆ ಒಪ್ಪಿತ ಪದ ಬದಲಾದರೂ ಹಳೆಯ ಕೊಂಡಿಗಳು ಮುರಿಯುವುದಿಲ್ಲ.

ಏಳನೇ ಹಂತ: ಲೇಖನಗಳಿಗೆ ಪದ ಹಚ್ಚುವುದು

ಲೇಖನವನ್ನು ಪೂರ್ತಿ ಓದದೆ ಪದ ಹಚ್ಚಬೇಡಿ. ಶೀರ್ಷಿಕೆ ಎಷ್ಟೋ ಬಾರಿ ದಾರಿ ತಪ್ಪಿಸುತ್ತದೆ. ‘ಹಸಿರು ಬಂಗಾರ’ ಎಂಬ ಶೀರ್ಷಿಕೆಯ ಕೆಳಗೆ ವೀಳ್ಯದೆಲೆಯೂ ಇರಬಹುದು, ಬಿದಿರೂ ಇರಬಹುದು. ಲೇಖನ ಯಾವುದರ ಬಗ್ಗೆ ಎನ್ನುವುದಕ್ಕೂ ಯಾವುದನ್ನು ಪ್ರಸ್ತಾಪಿಸುತ್ತದೆ ಎನ್ನುವುದಕ್ಕೂ ಅಂತರವಿದೆ. ಓದುಗರು ಆ ಪದದಿಂದ ಬಂದರೆ ಅವರಿಗೆ ಇಲ್ಲಿ ಏನಾದರೂ ದಕ್ಕುತ್ತದೆಯೇ ಎಂದು ಕೇಳಿಕೊಳ್ಳಿ. ದಕ್ಕದಿದ್ದರೆ ಆ ಪದ ಬೇಡ. ಇರುವುದರಲ್ಲಿ ಅತ್ಯಂತ ನಿರ್ದಿಷ್ಟವಾದ ಪದವನ್ನೇ ಹಚ್ಚಿ: ನವಣೆಯ ಲೇಖನಕ್ಕೆ ‘ನವಣೆ’ ಸಾಕು, ‘ಸಿರಿಧಾನ್ಯ’ ಎಂದೂ ಹಚ್ಚಬೇಕಿಲ್ಲ, ಶ್ರೇಣಿಯ ಮೂಲಕ ಅದು ತಾನಾಗಿ ಅಲ್ಲಿಗೆ ಸೇರುತ್ತದೆ. ಸಿರಿಧಾನ್ಯಗಳನ್ನು ಒಟ್ಟಾಗಿ ಚರ್ಚಿಸುವ ಲೇಖನಕ್ಕೆ ಮಾತ್ರ ವಿಶಾಲ ಪದ.

ಹಳೆಯ ಲೇಖನಗಳ ರಾಶಿ ದೊಡ್ಡದಿದ್ದರೆ ಹೆಚ್ಚು ಓದಿಸಿಕೊಳ್ಳುವವುಗಳಿಂದ ಶುರುಮಾಡಿ. ಸಾಧ್ಯವಿದ್ದರೆ ಒಂದಷ್ಟು ಲೇಖನಗಳಿಗೆ ಇಬ್ಬರು ಬೇರೆ ಬೇರೆಯಾಗಿ ಪದ ಹಚ್ಚಿ ಹೋಲಿಸಿ ನೋಡಿ. ಇಬ್ಬರ ಆಯ್ಕೆಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ವ್ಯಾಪ್ತಿ ಟಿಪ್ಪಣಿ ಸ್ಪಷ್ಟವಾಗಿಲ್ಲ ಎಂದು ತಿಳಿಯಬೇಕು.

ಎಂಟನೇ ಹಂತ: ಸೂಚಿಯ ಪುಟ

ಪದಪಟ್ಟಿ ಲೇಖನಕ್ಕೆ ಕರೆದೊಯ್ದರೆ ಸೂಚಿ ಲೇಖನದ ಒಳಗಿನ ಜಾಗಕ್ಕೆ ಕರೆದೊಯ್ಯಬೇಕು. ಅದಕ್ಕಾಗಿ ಉದ್ದದ ಲೇಖನಗಳ ಪ್ರತಿಯೊಂದು ಉಪಶೀರ್ಷಿಕೆಗೂ ಎಚ್‌ಟಿಎಂಎಲ್‌ನಲ್ಲಿ ಗುರುತು ಕೊಟ್ಟು, ಸೂಚಿಯ ಕೊಂಡಿ ನೇರವಾಗಿ ಅಲ್ಲಿ ಇಳಿಯುವಂತೆ ಮಾಡಿ. ಪುಸ್ತಕದ ಸೂಚಿಯಲ್ಲಿ ಪುಟಸಂಖ್ಯೆ ಇರುತ್ತದೆ. ಇಲ್ಲಿ 1, 2, 3 ಎಂಬ ಬರಿಯ ಅಂಕಿಗಳನ್ನು ಕೊಡಬೇಡಿ, ಒತ್ತುವ ಮೊದಲೇ ಏನು ಸಿಗುತ್ತದೆ ಎಂದು ತಿಳಿಯುವಂತೆ ಲೇಖನದ ಹೆಸರನ್ನೋ ಭಾಗದ ಹೆಸರನ್ನೋ ಕೊಡಿ. ಒಂದು ಪದದ ಕೆಳಗೆ ಐದಾರಕ್ಕಿಂತ ಹೆಚ್ಚು ಕೊಂಡಿಗಳು ಬಂದರೆ ಅದನ್ನು ಒಡೆಯಿರಿ: ‘ಅಡಿಕೆ’ಯ ಕೆಳಗೆ ‘ಎಲೆಚುಕ್ಕಿ ರೋಗ’, ‘ಒಣಗಿಸುವುದು’, ‘ಕೊಳೆರೋಗ’, ‘ನೀರಾವರಿ’, ‘ಹಳದಿ ಎಲೆ ರೋಗ’ ಎಂಬ ಉಪನಮೂದುಗಳು. ಇವೇ ರೋಗಗಳು ತಮ್ಮ ಸ್ವಂತ ಅಕ್ಷರದ ಕೆಳಗೂ ಬರಬೇಕು, ಏಕೆಂದರೆ ‘ಹಳದಿ ಎಲೆ’ ಎಂದು ನೆನಪಿಟ್ಟುಕೊಂಡವರು ಹಕಾರಕ್ಕೇ ಹೋಗುತ್ತಾರೆ. ಒಂದೆರಡು ಕೊಂಡಿಗಳಷ್ಟೇ ಇರುವ ಪದಕ್ಕೆ ‘ನೋಡಿ’ ಎಂದು ಅಲೆದಾಡಿಸುವ ಬದಲು ಕೊಂಡಿಗಳನ್ನೇ ಎರಡೂ ಕಡೆ ಕೊಡುವುದು ಸೌಜನ್ಯ.

ಅಕಾರಾದಿ ಜೋಡಣೆಯಲ್ಲಿ ಕಂಪ್ಯೂಟರನ್ನು ಕಣ್ಣುಮುಚ್ಚಿ ನಂಬಬೇಡಿ. ಯೂನಿಕೋಡ್ ಸಂಕೇತಗಳ ಕ್ರಮದಲ್ಲಿ ಳಕಾರವು ಲಕಾರದ ಪಕ್ಕದಲ್ಲಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ ಬರುತ್ತದೆ. ಸಂಕೇತಗಳ ಕ್ರಮದಲ್ಲಿ ಜೋಡಿಸಿದರೆ ಹಲಸು, ಹಳದಿ ಎಲೆ ರೋಗ, ಹವಾಮಾನ, ಹಸಿರೆಲೆ ಗೊಬ್ಬರ ಎಂದು ಬರುತ್ತದೆ. ಕನ್ನಡ ನಿಘಂಟು ನೋಡಿ ಅಭ್ಯಾಸವಿರುವವರು ನಿರೀಕ್ಷಿಸುವುದು ಹಲಸು, ಹವಾಮಾನ, ಹಸಿರೆಲೆ ಗೊಬ್ಬರ, ಹಳದಿ ಎಲೆ ರೋಗ ಎಂಬ ಕ್ರಮವನ್ನು. ಭಾಷೆಗೆ ತಕ್ಕ ಜೋಡಣೆಯ ಸೌಲಭ್ಯ ನಿಮ್ಮ ತಂತ್ರಾಂಶದಲ್ಲಿದ್ದರೆ ಅದಕ್ಕೆ ಕನ್ನಡದ ಭಾಷಾ ಸಂಕೇತ ಕೊಟ್ಟು, ಮೇಲಿನ ನಾಲ್ಕು ಪದಗಳನ್ನೇ ಪರೀಕ್ಷೆಗೆ ಬಳಸಿ. ಫಲ ಸರಿಬರದಿದ್ದರೆ ಪ್ರತಿ ಪದಕ್ಕೂ ಮರೆಯ ಜೋಡಣಾ ಕೀಲಿಯೊಂದನ್ನು ಬರೆಯಬೇಕಾಗುತ್ತದೆ. ಅನುಸ್ವಾರವುಳ್ಳ ಪದಗಳು ಅಕ್ಷರದ ಆರಂಭಕ್ಕೆ ಬರಬೇಕೋ ಔಕಾರದ ನಂತರ ಬರಬೇಕೋ ಎಂಬುದನ್ನೂ ಮೊದಲೇ ಗೊತ್ತುಮಾಡಿ. ಪದಗಳ ನಡುವಿನ ಖಾಲಿ ಜಾಗವನ್ನು ಜೋಡಣೆಯಲ್ಲಿ ಲೆಕ್ಕಕ್ಕೆ ಹಿಡಿಯದಿರುವುದು ಕನ್ನಡಕ್ಕೆ ಒಳ್ಳೆಯದು. ‘ಕೊಳೆರೋಗ’, ‘ಕೊಳೆ ರೋಗ’ ಎರಡೂ ಆಗ ಪಕ್ಕಪಕ್ಕದಲ್ಲೇ ನಿಲ್ಲುತ್ತವೆ.

ಪುಟದ ತಲೆಯಲ್ಲಿ ಅಕ್ಷರಗಳ ಸಾಲನ್ನು ಕೊಡುವಾಗ ಪದವೇ ಇಲ್ಲದ ಅಕ್ಷರಗಳನ್ನು ಬಿಟ್ಟುಬಿಡಿ. ಙ, ಞ, ಣ, ಳಗಳಿಂದ ಶುರುವಾಗುವ ನಮೂದು ನಿಮಗೆ ಬೇಕಾಗುವುದಿಲ್ಲ. ಕಿರಿದಾದ ಮೊಬೈಲ್ ಪರದೆಯಲ್ಲಿ ಕ, ಖ, ಗ, ಘಗಳನ್ನು ಒಂದೇ ಗುಂಡಿಯಲ್ಲಿ ಸೇರಿಸಿದರೆ ಬೆರಳಿಗೆ ಸುಲಭ. ಸೂಚಿಯ ಕೊಂಡಿಯು ತಾಣದ ಪ್ರತಿಯೊಂದು ಪುಟದಲ್ಲೂ ಹುಡುಕು ಪೆಟ್ಟಿಗೆಯ ಪಕ್ಕದಲ್ಲೇ ಇರಲಿ.

ಒಂಬತ್ತನೇ ಹಂತ: ನಿರ್ವಹಣೆ

ಪಟ್ಟಿಗೆ ಒಬ್ಬರು ಹೊಣೆಗಾರರು ಬೇಕು. ಹೊಸ ಪದಗಳ ಕೋರಿಕೆಯನ್ನು ಅವರು ತಿಂಗಳಿಗೊಮ್ಮೆ ನೋಡಿ ತೀರ್ಮಾನಿಸಲಿ. ಅದೇ ಹೊತ್ತಿಗೆ ಫಲಿತಾಂಶ ಬಾರದ ಹುಡುಕಾಟಗಳ ಪಟ್ಟಿಯನ್ನೂ ತೆರೆದು, ಅಲ್ಲಿನ ಪದಗಳಲ್ಲಿ ಯಾವುವು ಪರ್ಯಾಯ ಪದಗಳಾಗಬೇಕು, ಯಾವುವು ಮರೆಯ ಹೆಸರುಗಳಾಗಬೇಕು ಎಂದು ಸೇರಿಸುತ್ತ ಹೋಗಲಿ. ಯಾವ ಪದಕ್ಕೂ ಹೊಂದದೆ ಉಳಿದ ಹುಡುಕಾಟ ಎಂದರೆ ಆ ವಿಷಯದ ಲೇಖನವೇ ತಾಣದಲ್ಲಿಲ್ಲ ಎಂದರ್ಥ, ಅದನ್ನು ಲೇಖಕರಿಗೆ ತಿಳಿಸಬೇಕು. ಒಂದೇ ಲೇಖನ ಸೇರಿರುವ ಪದಗಳನ್ನೂ, ನೂರಾರು ಲೇಖನಗಳು ತುಂಬಿಹೋದ ಪದಗಳನ್ನೂ ವರ್ಷಕ್ಕೊಮ್ಮೆ ಪರಿಶೀಲಿಸಿ: ಮೊದಲಿನವನ್ನು ವಿಶಾಲ ಪದಕ್ಕೆ ಸೇರಿಸಬಹುದೇ, ಎರಡನೆಯವನ್ನು ಒಡೆಯಬೇಕೇ ಎಂದು. ಬಳಕೆಯಿಂದ ಹೋದ ಪದವನ್ನು ಅಳಿಸಬೇಡಿ. ಅದನ್ನು ಪರ್ಯಾಯ ಪದವಾಗಿ ಉಳಿಸಿ, ಯಾವ ದಿನಾಂಕದಿಂದ ಯಾವ ಪದಕ್ಕೆ ಅದು ಸೇರಿತು ಎಂಬುದನ್ನು ವ್ಯಾಪ್ತಿ ಟಿಪ್ಪಣಿಯಲ್ಲಿ ಬರೆದು, ಅದರ ಹಳೆಯ ಸಂಖ್ಯೆಯ ವಿಳಾಸವು ಹೊಸ ಪುಟಕ್ಕೆ ತಿರುಗುತ್ತಿದೆಯೇ ಎಂದು ಒಮ್ಮೆ ಒತ್ತಿ ನೋಡಿ.